ಕಾರವಾರದಲ್ಲಿ ನಾವು ಐದು ಜನ ಸ್ಕೇಲ್ ಮಾಡೆಲ್ (ವಿಮಾನ, ಟ್ಯಾಂಕ್, ಹಡಗುಗಳ ಪುಟ್ಟ ಪ್ಲಾಸ್ಟಿಕ್ ಪ್ರತಿಕೃತಿ) ಕಟ್ಟಲು ಭಾನುವಾರ ಸೇರುತ್ತೇವೆ. ಮಾತೇ ಆಗುತ್ತದೆ, ಕೆಲಸ ಆಗುವುದಿಲ್ಲ. ಏನು ಮಾಡಬೇಕು?

ಹರಟೆಯಲ್ಲೇ ಹೊತ್ತು ಹೋಗುತ್ತದೆ, ಜುಲೈಯಲ್ಲಿ ಒಬ್ಬರು ಹೊಡೆದ ಬಣ್ಣ ಬೆಳ್ಳಗೆ ಮಂಕಾಯಿತು, ತಪ್ಪು ಎತ್ತಿ ತೋರಿಸಿದ್ದಕ್ಕೆ ಇನ್ನೊಬ್ಬರು ಬರುವುದನ್ನೇ ಬಿಟ್ಟರು ಎಂದು ಬರೆದಿದ್ದೀರಿ. ಹರಟೆ ಕಡಿಮೆ ಮಾಡಿ ಎಂದು ನಾನಂತೂ ಹೇಳುವುದಿಲ್ಲ. ಮಾತು ಬೇಡದಿದ್ದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ಕಟ್ಟಬಹುದಿತ್ತು, ಕೂಟ ಯಾಕೆ? ಮಾತಾಡುತ್ತ ಮಾಡಬಹುದಾದ ಕೆಲಸವನ್ನು ಮಾತ್ರ ಕೂಟಕ್ಕೆ ತನ್ನಿ. ಬಾಯಿ ಮುಚ್ಚಿ ಮಾಡಬೇಕಾದ್ದನ್ನು ಮನೆಯಲ್ಲಿ ಮುಗಿಸಿ.

ಮಾತಿಗೆ ಒಗ್ಗುವ ಕೆಲಸ ಬೇಕಾದಷ್ಟಿದೆ. ಸ್ಪ್ರೂವಿನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಭಾಗ ಬಿಡಿಸುವುದು, ಅಂಚು ಉಜ್ಜುವುದು, ಅಚ್ಚಿನ ಗೆರೆ ಕೆರೆಯುವುದು, ಗಾಜಿನ (ಅಂದರೆ ಕಿಟ್‌ನ ಪಾರದರ್ಶಕ ಪ್ಲಾಸ್ಟಿಕ್ ಭಾಗದ) ಮೇಲೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಅಂಟಿಸುವುದು. 1/72ರ (ನಿಜದ ಅಳತೆಯ 72ನೇ ಒಂದು ಪಾಲಿನ) ಒಂದು ಸಾಧಾರಣ ಜೆಟ್ ವಿಮಾನದ ಕಿಟ್‌ನಲ್ಲಿ ಐವತ್ತರಿಂದ ನೂರು ಭಾಗ ಇರುತ್ತವೆ, ಎಲ್ಲವನ್ನೂ ಸರಿಯಾಗಿ ಬಿಡಿಸಿ ಉಜ್ಜಲು ಎರಡು ಭಾನುವಾರ ಬೇಕೇ ಬೇಕು. ಬಿಡಿಸುವಾಗ ಒಂದೇ ಏಟಿಗೆ ಭಾಗದ ಅಂಚಿಗೇ ನಿಪ್ಪರ್ (ಕತ್ತರಿಸುವ ಸಣ್ಣ ಇಕ್ಕಳ) ಇಡಬೇಡಿ. ಇಟ್ಟರೆ ಪ್ಲಾಸ್ಟಿಕ್ ಹಿಸುಕಿ ಬಿಳಿ ಕಲೆ ಬೀಳುತ್ತದೆ, ಕೆಲವೊಮ್ಮೆ ಒಳಗಿನಿಂದ ಚೂರು ಕಿತ್ತು ಗುಂಡಿಯಾಗುತ್ತದೆ. ಮೊದಲ ಕಡಿತ ಎರಡು ಮಿ.ಮೀ. ದೂರದಲ್ಲಿ, ಎರಡನೆಯದು ಅರ್ಧ ಮಿ.ಮೀ. ಬಿಟ್ಟು, ಉಳಿದದ್ದು ವಾಟರ್ ಪೇಪರ್‌ಗೆ. 400ರಿಂದ ಹಿಡಿದು 600, 1000 ನಂಬರ್ ಸಾಕು. ನೀರಲ್ಲಿ ನೆನೆಸಿ ಉಜ್ಜಿ. ಒಣದಾಗಿ ಉಜ್ಜಿದರೆ ಐದು ಜನರ ಪ್ಲಾಸ್ಟಿಕ್ ಪುಡಿ ಒಂದೇ ಕೋಣೆಯ ಗಾಳಿಗೆ ಸೇರುತ್ತದೆ, ಅದು ಉಸಿರಿಗೆ ಒಳ್ಳೆಯದಲ್ಲ. 1/35 ಟ್ಯಾಂಕ್ ಕಟ್ಟುವವರು ಇದ್ದರೆ ಅವರ ಪುಣ್ಯ: ಬಿಡಿಬಿಡಿ ಕೊಂಡಿಗಳ ಚೈನ್ ಇರುವ ಕಿಟ್‌ನಲ್ಲಿ ಒಂದು ಪಕ್ಕಕ್ಕೇ ಎಪ್ಪತ್ತರಿಂದ ನೂರು ಕೊಂಡಿ. ಇದಕ್ಕಿಂತ ಒಳ್ಳೆಯ ಹರಟೆ ಕೆಲಸ ಇನ್ನೊಂದಿಲ್ಲ.

ಕೂಟದಲ್ಲಿ ಮಾಡಲೇಬಾರದ್ದು: ಕಾಕ್‌ಪಿಟ್ ಗಾಜು ಅಂಟಿಸುವುದು, ಡೆಕಲ್ (ನೀರಲ್ಲಿ ಅದ್ದಿ ಅಂಟಿಸುವ ಗುರುತಿನ ಚಿತ್ರ) ಹಾಕುವುದು, ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಹಿಡಿಯುವುದು. ಗಾಜಿನ ಮೇಲೆ ಬಿದ್ದ ಒಂದು ಹನಿ ಅಂಟನ್ನು ಯಾರ ಮಾತಿನ ಚಂದವೂ ಅಳಿಸುವುದಿಲ್ಲ. ಡೆಕಲ್‌ನ ಕತೆಯೂ ಅಷ್ಟೆ. ಉಗುರುಬೆಚ್ಚಗಿನ ನೀರಲ್ಲಿ ಹತ್ತಿಪ್ಪತ್ತು ಸೆಕೆಂಡ್ ಅದ್ದಿ ತೆಗೆದು, ಕಾಗದದ ಮೇಲೆ ಅದು ತಾನಾಗಿ ಜಾರುವವರೆಗೆ ಕಾಯಬೇಕು. ಮಾತಿನ ನಡುವೆ ನೀರಲ್ಲೇ ಮರೆತರೆ ಅಂಟು ಪೂರ್ತಿ ತೊಳೆದುಹೋಗಿ ತೆಳು ಪೊರೆ ಸುರುಳಿ ಸುತ್ತಿಕೊಳ್ಳುತ್ತದೆ. (ಶಿರಸಿ ಕಡೆಯಿಂದ ಯಾರಾದರೂ ಬರುತ್ತಿದ್ದರೆ ಇನ್ನೊಂದು ನಿಯಮ ಸೇರಿಸಿ: ಕವಳ, ಅಂದರೆ ಎಲೆಯಡಿಕೆ, ಹಾಕಿದ ಕೈಯ ಸುಣ್ಣ ತೊಳೆಯದೆ ಡೆಕಲ್ ಹಾಳೆ ಮುಟ್ಟಬಾರದು. ಕವಳ ಬಾಯಲ್ಲಿರುವಾಗ ಬಿಳಿ ರೆಕ್ಕೆಯ ಮೇಲೆ ಬಗ್ಗಿ ನಗಲೂಬಾರದು.)

ನಡುವೆ ಒಂದು ಕೆಲಸವಿದೆ, ಅದನ್ನು ಬೇಕೆಂದೇ ಕೂಟಕ್ಕೆ ತರಬೇಕು: ವಿಮಾನದ ಒಡಲಿನ ಎರಡು ಹೋಳು ಮುಚ್ಚುವುದು. ಒಬ್ಬರೇ ಇದ್ದಾಗ ಆಗುವ ದೊಡ್ಡ ತಪ್ಪುಗಳೆಲ್ಲ ಇಲ್ಲೇ ಆಗುವುದು. ಒಳಗೆ ಹಾಕಬೇಕಿದ್ದ ಭಾಗ ಹೊರಗೆ ಉಳಿಯುತ್ತದೆ, ಮೂಗಿನ ಭಾರ ಮರೆತುಹೋಗುತ್ತದೆ. ಮೂರು ಚಕ್ರದ ಮೇಲೆ ನಿಲ್ಲುವ ಜೆಟ್‌ಗಳಲ್ಲಿ ಮೂಗಿಗೆ ತೂಕ ಹಾಕದಿದ್ದರೆ ಮುಗಿದ ಮಾಡೆಲ್ ಬಾಲ ಊರಿ ಕೂತುಬಿಡುತ್ತದೆ. ಆದ್ದರಿಂದ ಪದ್ಧತಿ ಮಾಡಿಕೊಳ್ಳಿ: ಮುಚ್ಚುವ ಮೊದಲು ಸೂಚನಾ ಹಾಳೆಯನ್ನು ಪಕ್ಕದವರ ಕೈಗೆ ಕೊಡಿ, ಅವರು ಮೊದಲಿಂದ ಗಟ್ಟಿಯಾಗಿ ಓದಲಿ, ನೀವು ಒಂದೊಂದೇ ಭಾಗ ಬೆರಳಿಟ್ಟು ತೋರಿಸಿ. ಐದು ನಿಮಿಷದ ಕೆಲಸ. ಜೊತೆಗಾರರಿಂದ ಇಷ್ಟು ಉಪಯೋಗ ಇನ್ನಾವ ಹಂತದಲ್ಲೂ ಸಿಗುವುದಿಲ್ಲ. ಭಾರಕ್ಕೆ ಹಾಬಿ ಅಂಗಡಿಯ ಗುಂಡು ತರಿಸಬೇಕಿಲ್ಲ, ಬೈತಖೋಲ ಬಂದರಿನ ಕಡೆ ಬಲೆ ಸಾಮಾನು ಮಾರುವಲ್ಲಿ ಸಿಗುವ ಸೀಸದ ಗುಂಡು ಸಾಕು. ಎಷ್ಟು ಗ್ರಾಂ ಬೇಕೆಂದು ಹಾಳೆಯಲ್ಲಿ ಬರೆದಿರುತ್ತದೆ, ಅದಕ್ಕಿಂತ ಎರಡು ಗ್ರಾಂ ಹೆಚ್ಚೇ ಹಾಕಿ. ಆದರೆ ಗುಂಡನ್ನು ಫೆವಿಕಾಲ್‌ನಲ್ಲಿ ಕೂರಿಸಬೇಡಿ. ಬಿಳಿ ಅಂಟಿನ ಜೊತೆ ಸೀಸ ನಿಧಾನಕ್ಕೆ ಕಿಲುಬುಗಟ್ಟಿ ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಒಡಲಿನ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ. ಎಂ-ಸೀಲ್ ಒಳ್ಳೆಯದು. ಸೀಸ ಮುಟ್ಟಿದ ಕೈ ತೊಳೆದೇ ಚಾ ಲೋಟ ಹಿಡಿಯಬೇಕು.

ಅಂಟಿನ ಮಾತು. ತಮಿಯಾ ಕಂಪನಿಯ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಬಳಸುತ್ತಿದ್ದೀರಿ ಎಂದುಕೊಳ್ಳುತ್ತೇನೆ. ಅದು ಅಂಟಿಸುವುದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಾಗಿಸುವುದು. ಎರಡು ಭಾಗ ಸೇರಿಸಿ ಹಿಡಿದು ಕುಂಚದ ತುದಿ ತಾಗಿಸಿದರೆ ಸಂದಿಯೊಳಗೆ ತಾನೇ ಓಡುತ್ತದೆ. ಮಾತಿನ ಭರದಲ್ಲಿ ಬೆರಳು ಸಂದಿಯ ಮೇಲಿದ್ದರೆ ಬೆರಳಿನ ಅಡಿಗೂ ಓಡಿ, ರೆಕ್ಕೆಯ ಮೇಲೆ ಹೆಬ್ಬೆಟ್ಟಿನ ಗುರುತು ಅಚ್ಚೊತ್ತುತ್ತದೆ. ಆಗ ಒರೆಸಬೇಡಿ, ಒರೆಸಿದರೆ ಇನ್ನೂ ಹರಡುತ್ತದೆ. ಒಂದು ದಿನ ಬಿಟ್ಟು, ಗಟ್ಟಿಯಾದ ಮೇಲೆ 600ರಲ್ಲಿ ಉಜ್ಜಿ. ಐದು ಜನರ ಮೇಜಿನಲ್ಲಿ ಬಾಟಲಿ ಉರುಳುವುದು ಖಂಡಿತ, ಹಾಗಾಗಿ ಮರದ ತುಂಡಿಗೆ ಬಾಟಲಿಯ ಅಳತೆಯ ತೂತು ಕೊರೆಸಿ ಅದರಲ್ಲಿ ಕೂರಿಸಿ. ಥರ್ಮೋಕೋಲ್ ಬೇಡ. ಕಿಟ್‌ನ ಪ್ಲಾಸ್ಟಿಕ್‌ನಂತೆ ಅದೂ ಪಾಲಿಸ್ಟೈರೀನೇ, ಚೆಲ್ಲಿದ ಅಂಟಿಗೆ ಕರಗಿ ಬಾಟಲಿ ಸಮೇತ ಕುಸಿಯುತ್ತದೆ.

ಫೆವಿಕ್ವಿಕ್ ಜಾತಿಯ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದು. ನಮ್ಮ ಕರಾವಳಿಯಲ್ಲಿ ಅದು ಬೇಗ ಹಿಡಿಯುತ್ತದೆ, ತೆರೆದ ಟ್ಯೂಬ್ ಅಷ್ಟೇ ಬೇಗ ಕೆಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇದರ ಆವಿ ಗಾಜಿನ ಭಾಗಗಳ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ, ತೇವ ಹೆಚ್ಚಿದ್ದಷ್ಟೂ ಜಾಸ್ತಿ. ಗಾಜಿಗೆ ಸಾದಾ ಫೆವಿಕಾಲ್, ತೆಳ್ಳಗೆ, ಸೂಜಿಮೊನೆಯಲ್ಲಿ. ಒಣಗಿದರೆ ಪಾರದರ್ಶಕ, ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಈಗ ಬೆಳ್ಳಗಾದ ಬಣ್ಣದ ಸಂಗತಿ. ಲ್ಯಾಕರ್ ಬಣ್ಣದ ಥಿನ್ನರ್ ಬಹಳ ಬೇಗ ಆರುತ್ತದೆ. ಆರುವಾಗ ಮಾಡೆಲ್‌ನ ಮೈ ತಣ್ಣಗಾಗುತ್ತದೆ. ಕಾರವಾರದ ಜುಲೈ ಗಾಳಿಯಲ್ಲಿ ಅಷ್ಟು ತಣ್ಪಾದರೆ ಸಾಕು, ಗಾಳಿಯ ನೀರು ಬಣ್ಣದ ಪದರದ ಮೇಲೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಕಪ್ಪು, ಕಡುನೀಲಿ, ಕ್ಲಿಯರ್ ವಾರ್ನಿಷ್‌ಗಳಲ್ಲಿ ಎದ್ದು ಕಾಣುತ್ತದೆ. ಬಣ್ಣ ಕೆಟ್ಟಿಲ್ಲ, ಕೆರೆದು ತೆಗೆಯುವ ಅವಸರ ಬೇಡ. ಒಣಹವೆಯ ದಿನ ರಿಟಾರ್ಡರ್ (ಆರುವುದನ್ನು ನಿಧಾನಿಸುವ ದ್ರವ) ಇರುವ ಲೆವೆಲಿಂಗ್ ಥಿನ್ನರ್ ಮಾತ್ರ ಏರ್‌ಬ್ರಷ್‌ಗೆ ಹಾಕಿ ತೆಳ್ಳಗೆ ಮಂಜು ಬಿಟ್ಟ ಹಾಗೆ ಹೊಡೆದರೆ ಪದರ ಮತ್ತೆ ಮೆತ್ತಗಾಗಿ ಸಿಕ್ಕಿದ ತೇವ ಹೊರಬರುತ್ತದೆ, ಬಿಳಿ ಹೋಗುತ್ತದೆ. ಮ್ಯಾಟ್ ವಾರ್ನಿಷ್ ಬೆಳ್ಳಗಾಗಿದ್ದರೆ ಇದು ಯಾವಾಗಲೂ ಕೈಹಿಡಿಯುವುದಿಲ್ಲ. ಮೇಲೊಂದು ತೆಳು ಹೊಳಪು ವಾರ್ನಿಷ್ ಪದರ ಕೊಟ್ಟು, ಒಳ್ಳೆ ದಿನ ನೋಡಿ ಮತ್ತೆ ಮ್ಯಾಟ್ ಕೊಡಬೇಕಾಗುತ್ತದೆ.

ಮುಂದೆ ಹೀಗಾಗದಿರಲು ಗೋಡೆಗೆ ಒಂದು ಡಿಜಿಟಲ್ ತೇವಮಾಪಕ ನೇತುಹಾಕಿ, ತೇವ ಶೇ. 70 ದಾಟಿದ್ದರೆ ಲ್ಯಾಕರ್ ಮುಟ್ಟಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಿಸು, ಉಜ್ಜು, ಪುಟ್ಟಿ ತುಂಬು, ಹೆಚ್ಚೆಂದರೆ ಕುಂಚದಲ್ಲಿ ಆಕ್ರಿಲಿಕ್ ಹಚ್ಚು. ಸ್ಪ್ರೇ ಎಲ್ಲ ದೀಪಾವಳಿ ಆದಮೇಲೆ, ಬಿಸಿಲೇರಿದ ಮೇಲೆ. ಕಂಪ್ರೆಸರ್‌ಗೆ ನೀರು ಹಿಡಿಯುವ ಟ್ರ್ಯಾಪ್ ಇಲ್ಲದೆ ಇಲ್ಲಿ ಕೆಲಸವಿಲ್ಲ. ಇದ್ದರೂ ನಡುನಡುವೆ ಬಸಿಯಬೇಕು, ಇಲ್ಲದಿದ್ದರೆ ಕೊನೇ ಪದರಕ್ಕೇ ನೀರ ಹನಿ ಉಗುಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಅಗ್ಗ ಎಂದು ಬಣ್ಣಕ್ಕೆ ಬೆರೆಸಬೇಡಿ, ಪ್ಲಾಸ್ಟಿಕ್ ಮೈಯೆಲ್ಲ ಬಿರುಕು ಬಿಡುತ್ತದೆ. ಏರ್‌ಬ್ರಷ್‌ನ ಲೋಹದ ಭಾಗ ತೊಳೆಯಲು ಮಾತ್ರ ಅದು ಸರಿ.

ಉಪ್ಪುಗಾಳಿಗೆ ಬ್ಲೇಡು, ಚಿಮಟ, ನಿಪ್ಪರ್ ಎಲ್ಲ ತುಕ್ಕು ಹಿಡಿಯುತ್ತವೆ. ಏಳುವ ಮೊದಲು ಹೊಲಿಗೆ ಮಷಿನ್ ಎಣ್ಣೆಯಲ್ಲಿ ಒರೆಸಿ. ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿ. ಬಿದ್ದ ಚಿಕ್ಕ ಭಾಗ ಕಾಣದಿದ್ದರೆ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿ ಹಿಡಿಯಿರಿ, ಭಾಗ ಕಾಣದಿದ್ದರೂ ಅದರ ನೆರಳು ಉದ್ದಕ್ಕೆ ಬಿದ್ದಿರುತ್ತದೆ.

ಇನ್ನು ಬರುವುದು ಬಿಟ್ಟವರ ವಿಷಯ. ಈ ಹವ್ಯಾಸದವರು ವಾದ ಮಾಡದೆ ಇರಲಾರರು, ಇರಲೂ ಬೇಡ. ಆದರೆ ತಪ್ಪು ಹೇಳುವುದಕ್ಕೆ ಹೊತ್ತು ಇದೆ. ಅಂಟು ಒಣಗುವ ಮೊದಲು, ಅಂದರೆ ಇನ್ನೂ ತಿದ್ದಲು ಬರುವಾಗ ಕೂಡಲೇ ಹೇಳಿ: ‘ಅಣ್ಣಾ, ಎಡ ಬಲ ಅದಲುಬದಲಾಗಿದೆಯೇನೋ, ಒಮ್ಮೆ ನೋಡಿ’ ಎಂದರೆ ಯಾರಿಗೂ ಬೇಸರವಿಲ್ಲ. ಬಣ್ಣ, ವಾರ್ನಿಷ್ ಎಲ್ಲ ಮುಗಿದು ಮೇಜಿನ ಮೇಲೆ ತಂದಿಟ್ಟ ಮಾಡೆಲ್‌ಗೆ, ಅವರು ಕೇಳಿದರೆ ಮಾತ್ರ. ಏರ್‌ಫಿಕ್ಸ್‌ನ 1/72 ಸೀ ಹ್ಯಾರಿಯರ್ ಎಫ್‌ಆರ್‌ಎಸ್ 1 ಕಿಟ್ಟನ್ನು ಗೋವಾದ ನೌಕಾ ವಾಯುನೆಲೆ ಐಎನ್‌ಎಸ್ ಹಂಸಾದಲ್ಲಿದ್ದ ನಮ್ಮ ನೌಕಾಪಡೆಯ ವಿಮಾನವಾಗಿ ಕಟ್ಟುವವರಿಗೆ, ನಮ್ಮದು ಎಫ್‌ಆರ್‌ಎಸ್ 51 ಆಗಿತ್ತು, ಅದಕ್ಕಿದ್ದದ್ದು ಅಮೆರಿಕದ ಸೈಡ್‌ವೈಂಡರ್ ಅಲ್ಲ, ಫ್ರೆಂಚ್ ಮ್ಯಾಜಿಕ್ ಕ್ಷಿಪಣಿ ಎಂದು ಮೊದಲ ದಿನವೇ ಹೇಳಿದರೆ ಅದು ಉಪಕಾರ. ಮಾಡೆಲ್ ಮುಗಿದ ಮೇಲೆ ಹೇಳಿದರೆ ಜಂಬ. ನೋಡಿ ತಿಳಿಯಬೇಕೆಂದರೆ ವಾಸ್ಕೋ ಹತ್ತಿರ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿ ಸೀ ಹ್ಯಾರಿಯರ್ ನಿಂತಿದೆ, ಕಾರವಾರದಿಂದ ಒಂದು ದಿನದಲ್ಲಿ ಹೋಗಿ ಬರಬಹುದು.

ಬಿಟ್ಟವರನ್ನು ಮತ್ತೆ ಕರೆಯಲು ಎಲ್ಲರೂ ಕೂಡಿ ಒಂದೇ ಮಾಡೆಲ್ ಎತ್ತಿಕೊಳ್ಳಿ. ನಿಮ್ಮೂರಲ್ಲಿ ಟಾಗೋರ್ ಕಡಲತೀರದಲ್ಲೇ ಇರುವ ಐಎನ್‌ಎಸ್ ಚಪಲ್ ಇದ್ದಾಗ ಬೇರೆ ಯಾಕೆ? ಅದು ಸೋವಿಯತ್ ಓಸಾ-2 ವರ್ಗದ ಕ್ಷಿಪಣಿ ದೋಣಿ, ಉದ್ದ 38.6 ಮೀಟರ್, ಅಗಲ 7.6 ಮೀಟರ್. 1/72ರಲ್ಲಿ 53 ಸೆಂ.ಮೀ. ದಾಟುತ್ತದೆ, ಐದು ಜನ ಹಂಚಿಕೊಳ್ಳುವಷ್ಟು ಕೆಲಸ. 1/350ರಲ್ಲಿ 11 ಸೆಂ.ಮೀ. ಮಾತ್ರ. 1971ರ ಯುದ್ಧದಲ್ಲಿ ಕರಾಚಿ ಮೇಲೆ ದಾಳಿಗೆ ಹೋದದ್ದು ಇದೇ ಎಂದು ಯಾರಾದರೂ ಹೇಳಿದರೆ ವಾದಕ್ಕೆ ಇಳಿಯಬಹುದು: ಇದು ಸೇವೆಗೆ ಸೇರಿದ್ದೇ 1976ರಲ್ಲಿ. ಡಿಸೆಂಬರ್ 4ರ ರಾತ್ರಿ ಹೋದವು ನಿಪಾತ್, ನಿರ್ಘಾತ್, ವೀರ್, ಅವು ಓಸಾ-1. ಗುರುತು ಸುಲಭ. ಓಸಾ-1ರ ನಾಲ್ಕು ಕ್ಷಿಪಣಿ ಗೂಡುಗಳು ಚೌಕ ಪೆಟ್ಟಿಗೆಯಂಥವು, ಓಸಾ-2ರವು ದುಂಡು ಕೊಳವೆ. ಕಿಟ್ ತರಿಸುವಾಗ ಬಾಕ್ಸ್ ಮೇಲಿನ ಈ ಒಂದು ಅಂಕಿ ತಪ್ಪಿದರೆ ಗೂಡು ನಾಲ್ಕನ್ನೂ ಪ್ಲಾಸ್ಟಿಕ್ ಪೈಪಿನಲ್ಲಿ ಹೊಸದಾಗಿ ಕಟ್ಟಬೇಕು.

ಹಲ್ (ದೋಣಿಯ ಒಡಲು), ಮೇಲ್ಕಟ್ಟು, ನಾಲ್ಕು ಕೊಳವೆ, ಎರಡು ಎಕೆ-230 ತೋಪು, ಮಾಸ್ಟ್ (ಕೂವೆಕಂಬ) ಎಂದು ಐದು ಪಾಲು ಮಾಡಿ. ಮುನಿಸಿಕೊಂಡವರಿಗೆ ಮಾಸ್ಟ್ ಕೊಡಿ. ಎಲ್ಲಕ್ಕಿಂತ ಸೂಕ್ಷ್ಮ ಕೆಲಸ ಅದು, ಕೊಟ್ಟರೆ ಮರ್ಯಾದೆ ಕೊಟ್ಟ ಹಾಗೂ ಆಯಿತು. ಬಣ್ಣದ ಡಬ್ಬಿ ಎಲ್ಲರದ್ದೂ ಒಂದೇ ಬ್ಯಾಚ್ ಇರಲಿ, ಒಬ್ಬರೇ ಒಂದೇ ದಿನ ಹೊಡೆಯಲಿ, ಇಲ್ಲದಿದ್ದರೆ ಬೂದು ಬಣ್ಣ ಐದು ತರ ಆಗುತ್ತದೆ. ಉರಿಯುವ ಬಣ್ಣ, ಥಿನ್ನರ್‌ಗಳನ್ನು ಕೊರಿಯರ್‌ನವರು ವಿಮಾನದಲ್ಲಿ ಕಳಿಸುವುದಿಲ್ಲ, ರಸ್ತೆಯಲ್ಲೇ ಬರುತ್ತವೆ. ಹಾಗಾಗಿ ಕೂಡಿ ಒಂದೇ ಆರ್ಡರ್, ಬೇಕಾಗುವುದಕ್ಕೆ ಎರಡು ವಾರ ಮೊದಲೇ ಹಾಕಿ. ಫೋಟೋ ಬೇಕಾದಷ್ಟು ಚಪಲ್‌ನದ್ದೇ ತೆಗೆಯಿರಿ, ಡೆಕ್ಕಿನ ಪ್ರತಿ ಗೂಟಕ್ಕೂ ಪಕ್ಕದಲ್ಲಿ ಒಂದು ಅಡಿಪಟ್ಟಿ ಹಿಡಿದು. ನೌಕಾನೆಲೆಯ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ.