ಓದಿನ ನೆಪ, ಮಳೆಯ ಭಯ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೊಡಗಿನ ಮಾದಾಪುರದ ಕಡೆಯ ಕುಟುಂಬ. ಗಂಡನಿಗೆ 41, ಹೆಂಡತಿಗೆ 37. ಮಗಳು ಏಳನೇ ತರಗತಿ ಮುಗಿಸಿದ್ದಾಳೆ, ಮಗ ಮೂರನೆಯದು. ಜೊತೆಗೆ ಗಂಡನ ತಾಯಿ. ಮೂರು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಗಂಡನಿಗೆ ಬೆಂಗಳೂರಿನ ಗೋದಾಮೊಂದರಲ್ಲಿ ಕೆಲಸ ಸಿಕ್ಕಿದೆ, ಕೈಗೆ 38,000. "ಮಕ್ಕಳ ಓದಿಗೆ ಹೋಗಲೇಬೇಕು" ಎಂದು ಅವರ ಹಟ. ಹೆಂಡತಿ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಮೊದಲ ಭೇಟಿಯಲ್ಲಿ ಲೆಕ್ಕ ಬರೆಸಲಾಯಿತು. ಬಾಡಿಗೆ 15,000, ಕರೆಂಟು-ನೀರು 2,500, ಶಾಲೆ ಮತ್ತು ವ್ಯಾನು 9,000, ಓಡಾಟ-ಫೋನು 3,500, ದಿನಸಿ-ಹಾಲು-ತರಕಾರಿ 10,000. ಒಟ್ಟು 40,000. ಊರಿಗೆ ಒಮ್ಮೆಯೂ ಬಂದು ಹೋಗದೆಯೇ ತಿಂಗಳಿಗೆ 2,000 ಕೊರತೆ. ಸುಂಟಿಕೊಪ್ಪದ ಸಹಕಾರ ಸಂಘದಲ್ಲಿ ಹೆಂಡತಿ ದುಡಿಯುವ 11,000 ನಿಂತುಹೋಗುತ್ತದೆ. ಸಂಬಳವನ್ನಷ್ಟೇ ನೋಡುವವರು ತಪ್ಪುವುದು ಇಲ್ಲಿಯೇ: ಕೈಬಿಡುವ ಆದಾಯವನ್ನೂ, ಮನೆಯಲ್ಲೇ ಸಿಗುತ್ತಿದ್ದು ಇನ್ನು ಕೊಳ್ಳಬೇಕಾದ ಹಾಲು, ಸೊಪ್ಪನ್ನೂ ಯಾರೂ ಬರೆದುಕೊಳ್ಳುವುದಿಲ್ಲ.

ತೋಟದ ಮಾತೂ ಬಂತು. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ಒಂದೂವರೆ ಇಂಚಿನಷ್ಟು ನೀರು ಹೊಡೆಯಬೇಕು, ಹದಿನೈದು-ಇಪ್ಪತ್ತು ದಿನ ಬಿಟ್ಟು ಇನ್ನೊಮ್ಮೆ. ತಪ್ಪಿದರೆ ಮುಂದಿನ ವರ್ಷದ ಫಸಲೇ ಕೈಬಿಟ್ಟಂತೆ. ಶನಿವಾರ ಬಂದು ಭಾನುವಾರ ಹೊರಡುವವರಿಂದ ಇದು ಆಗುವ ಕೆಲಸವಲ್ಲ.

ಎರಡನೇ ಭೇಟಿಯಲ್ಲಿ ಹೆಂಡತಿ ಬಾಯಿಬಿಟ್ಟರು. "ಜುಲೈ ಬಂದರೆ ಇವರು ಮಲಗೋದೇ ಇಲ್ಲ. ರಾತ್ರಿ ಟಾರ್ಚು ಹಿಡ್ಕೊಂಡು ಬರೆ (ಕಡಿದಾದ ಮಣ್ಣಿನ ದಿಬ್ಬ) ನೋಡ್ತಾ ನಿಂತಿರ್ತಾರೆ." ಗಂಡ ತಲೆ ತಗ್ಗಿಸಿದರು. 2018ರ ಆಗಸ್ಟಿನಲ್ಲಿ ಆ ಭಾಗದ ಗುಡ್ಡಗಳು ಕುಸಿದಾಗ ಅವರ ಮನೆಯ ಹಿಂದಿನ ಬರೆಯೂ ಜಾರಿತ್ತು. ಮಕ್ಕಳ ಓದು ಹೇಳಲು ಸುಲಭವಾದ ಕಾರಣ, ಭಯ ಹೇಳಲಾಗದ್ದು. ಗಂಡಸರು ಇದನ್ನು ಬಚ್ಚಿಡುವುದು ಕೊಡಗಿನ ಮಳೆಹಳ್ಳಿಗಳಲ್ಲಿ ಹೊಸದೇನಲ್ಲ. ಆದರೆ ಭಯಕ್ಕೆ ಮದ್ದು ಹುಡುಕಬೇಕಾದವರು ಉದ್ಯೋಗ ಹುಡುಕಿದರೆ ಎರಡೂ ಕೆಡುತ್ತವೆ.

ಕೊಟ್ಟ ಸಲಹೆ ಹೀಗಿತ್ತು. ನಿದ್ದೆಗೆಡುವುದು, ಎದೆ ಬಡಿದುಕೊಳ್ಳುವುದು ವಾರಗಟ್ಟಲೆ ಇದ್ದರೆ ಮನೋವೈದ್ಯರನ್ನು ಕಾಣಬೇಕು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಬಹುದು, ಉಚಿತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಮಂದಿಯೆಲ್ಲ ಕುಶಾಲನಗರದಲ್ಲಿ ಬಾಡಿಗೆಗೆ ಇರುವುದು. ಅಲ್ಲಿಯೂ ಕಾವೇರಿ ದಡದ ಬಡಾವಣೆ ಬೇಡ, ನೀರು ನುಗ್ಗಿದ ಜಾಗಗಳಿವೆ. ಮುಂಗಡ ಕೊಡುವ ಮೊದಲು ಅಕ್ಕಪಕ್ಕದವರನ್ನು ಕೇಳಿ, ಗೋಡೆಯ ಮೇಲೆ ನೀರಿನ ಗೆರೆ ಇದೆಯೇ ನೋಡಬೇಕು. ಎಂಟನೇ ತರಗತಿಗೆ ಹೇಗೂ ಪ್ರೌಢಶಾಲೆಗೆ ಸೇರಬೇಕು. ಹಾಗಾಗಿ ಮಗಳ ವರ್ಗಾವಣೆ ಪತ್ರವನ್ನು ಈಗಲೇ ಕುಶಾಲನಗರದ ಶಾಲೆಗೆ ಪಡೆದು, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಶಾಲೆ ಬದಲಿಸದಿರುವುದು. ಮಳೆ ನಿಂತ ಮೇಲೆ ಬಸ್ಸಿನಲ್ಲಿ ಓಡಾಡಬಹುದು. ಬೆಂಗಳೂರಿನ ಮಾತನ್ನು ಕಾಫಿ ಕೊಯ್ಲು ಮುಗಿದ ಮೇಲೆ, ಹೊಸ ಲೆಕ್ಕದೊಂದಿಗೆ ಎತ್ತುವುದು.

ಮೂರನೇ ಭೇಟಿಗೆ ತಾಯಿಯನ್ನೂ ಕರೆಸಲಾಯಿತು. "ನನ್ನನ್ನ ಯಾರು ಕೇಳಿದ್ರು?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದೇವರ ದೀಪ ಆರಬಾರದೆಂಬುದೊಂದೇ ಅವರ ಷರತ್ತು. ಕೆಲಸ ಒಪ್ಪುವುದನ್ನು ಗಂಡ ಸದ್ಯಕ್ಕೆ ಬಿಟ್ಟರು. ಆಗಸ್ಟಿನ ಭೇಟಿಯ ಹೊತ್ತಿಗೆ ರಾತ್ರಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿತ್ತು. ಮಳೆ ಬಿಡುವು ಕೊಟ್ಟ ದಿನ ಬೆಳಗ್ಗೆ ಗಂಡ ತಮ್ಮ ತಾಯಿಯನ್ನು ಊರಿನ ಮನೆಗೆ ಕರೆದೊಯ್ದು, ದೀಪ ಹಚ್ಚಿಸಿ, ತೋಟ ನೋಡಿ, ಕತ್ತಲಾಗುವ ಮೊದಲೇ ಕುಶಾಲನಗರಕ್ಕೆ ವಾಪಸು ಕರೆತರುತ್ತಿದ್ದರು.