ಜೋಳ ಅಂದರೆ ಯಾವ ಜೋಳ? ತಾಳವಾಡಿಯಿಂದ ಉತ್ತರ

ಮಂಜು, ಮೊನ್ನೆ ನೀನು ಫೋನಿನಲ್ಲಿ ಆಡಿದ ಎರಡು ಮಾತು ಇನ್ನೂ ತಲೆಯಲ್ಲೇ ಇವೆ. "ಕಾಡಿಗೆ, ಪ್ರಾಣಿಗೆ ಅಂತ ಸರ್ಕಾರ ಕೋಟಿಗಟ್ಟಲೆ ಸುರಿಯುತ್ತಲ್ಲ, ಮತ್ತೆ ನಿಮ್ಮದೇನು ಗೋಳು?" ಅಂದೆ. ಆಮೇಲೆ, "ಅಲ್ಲಪ್ಪ, ನೀವು ತಮಿಳುನಾಡಿನವರು, ಇಷ್ಟು ಒಳ್ಳೆ ಕನ್ನಡ ಎಲ್ಲಿ ಕಲಿತಿರಿ?" ಅಂತ ನಕ್ಕೆ. ಎರಡೂ ಬೇರೆ ಬೇರೆ ಪ್ರಶ್ನೆ ಅಂತ ನಿನಗೆ ಅನಿಸಿರಬಹುದು. ನಮಗೆ ಎರಡೂ ಒಂದೇ.

ಕನ್ನಡ ನಾವು ಎಲ್ಲೂ ಹೋಗಿ ಕಲಿತದ್ದಲ್ಲ. ಅದು ಮನೆ ಮಾತು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಮ್ಮ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ, ಅಂದರೆ ಈಗಿನ ತಮಿಳುನಾಡಿನಲ್ಲೇ ಉಳಿಯಿತು. ಈಗ ನಮ್ಮದು ಈರೋಡು ಜಿಲ್ಲೆ. ನೀವೆಲ್ಲ ಅಣ್ಣಾವ್ರು ಅನ್ನುವ ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಸಂತೆ, ಆಸ್ಪತ್ರೆ, ಹೆಣ್ಣು ಕೊಡುವುದು, ತರುವುದು ಎಲ್ಲ ಚಾಮರಾಜನಗರದ ಕಡೆ. ಜಿಲ್ಲಾ ಕಚೇರಿ ಕೆಲಸ ಬಿದ್ದರೆ ಮಾತ್ರ ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿಗೆ ಹೋಗಬೇಕು. ನೂರು ಕಿಲೋಮೀಟರಿಗೂ ಜಾಸ್ತಿ. 2022ರ ಫೆಬ್ರವರಿಯಿಂದ ಹೈಕೋರ್ಟ್ ಆದೇಶದಂತೆ ಆ ರಸ್ತೆಯಲ್ಲಿ ರಾತ್ರಿ ಓಡಾಟಕ್ಕೆ ನಿರ್ಬಂಧವೂ ಇದೆ. ಅದು ಬೇಕಾಗಿತ್ತು ಬಿಡು. ಎಷ್ಟು ಪ್ರಾಣಿ ಗಾಡಿಗೆ ಸಿಕ್ಕಿ ಸತ್ತವು. ಅದನ್ನು ನಾನು ದೂರುವುದಿಲ್ಲ.

ಇನ್ನು ದುಡ್ಡಿನ ಮಾತು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1,400 ಚದರ ಕಿಲೋಮೀಟರಿಗೂ ಹೆಚ್ಚು. ಒಂದು ಕಡೆ ಮುದುಮಲೆ, ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ, ಎಲ್ಲ ಒಂದಕ್ಕೊಂದು ಕೂಡಿಕೊಂಡ ಕಾಡು. ಹುಲಿ ಯೋಜನೆಯಲ್ಲಿ ಒಂದೇ ಸಲ ಮಾಡಿ ಮುಗಿಸುವ ಕೆಲಸಕ್ಕೆ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ವರ್ಷ ವರ್ಷ ಬರುವ ಖರ್ಚಿಗೆ ಅರ್ಧ ಅರ್ಧ. ಇಲ್ಲಿಂದ ವರ್ಷದ ಯೋಜನೆ ಬರೆದು ಕಳಿಸಬೇಕು. ದೆಹಲಿಯ ಹುಲಿ ಪ್ರಾಧಿಕಾರ ಒಪ್ಪಬೇಕು. ಆಮೇಲೆ ಕಂತಿನಲ್ಲಿ ಹಣ. ಕಾಡಿನ ಜಾಗವನ್ನು ರಸ್ತೆಗೋ ಗಣಿಗೋ ಕೊಟ್ಟಾಗ ಕಟ್ಟಿಸಿಕೊಳ್ಳುವ ಕ್ಯಾಂಪಾ ನಿಧಿ ಬೇರೆ ಇದೆ. ಈ ದುಡ್ಡು ಸುಮ್ನೆ ಪೋಲಾಗಿದೆ ಅಂತ ನಾನು ಹೇಳಲಾರೆ. ವೀರಪ್ಪನ್ ಕಾಡು ಅಂತ ಜನ ಹೆದರುತ್ತಿದ್ದ ಕಾಡು ಇದು. 2010ರಿಂದೀಚೆಗೆ ಇಲ್ಲಿ ಹುಲಿಗಳು ಎರಡರಷ್ಟಾದವು ಅಂತ 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಆ ಸುದ್ದಿ ಓದಿದ ದಿನ ನಮ್ಮ ಊರಿನ ಟೀ ಅಂಗಡಿಯಲ್ಲಿ ಎಲ್ಲರ ಮುಖ ಅರಳಿತ್ತು. ನಿಜ ಹೇಳ್ತೀನಿ, ನಮ್ಮ ಕಾಡು ಅಂತ ಹೆಮ್ಮೆಯಾಯಿತು.

ಆದರೆ ಕಾಡಿನ ಒಳಗೆ ಒಂದು ಸಲ ಬಂದು ನೋಡು. ಮರದ ಕೆಳಗೆಲ್ಲ ಲಂಟಾನ ಅನ್ನುವ ಮುಳ್ಳಿನ ಕಳೆ ಪೊದೆ. ಮೋಯಾರು ಕಣಿವೆಯಲ್ಲಿ ಬಳ್ಳಾರಿ ಜಾಲಿ. ಲಂಟಾನದ ಅಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ. ಹುಲ್ಲಿಲ್ಲದ ಮೇಲೆ ಜಿಂಕೆಗೂ ಇಲ್ಲ, ಆನೆಗೂ ಇಲ್ಲ. ಅದನ್ನು ತೆಗೆಯುವುದಕ್ಕೇ ಅನುದಾನ ಇದೆ. ತಮಿಳುನಾಡು 2022ರಲ್ಲಿ ಹೊರಗಿನಿಂದ ಬಂದು ಹಬ್ಬುವ ಗಿಡಗಳ ಬಗ್ಗೆ ಒಂದು ನೀತಿಯನ್ನೇ ಮಾಡಿತು. ನಾನೂ ಒಂದು ಬೇಸಿಗೆ ಇಲ್ಲಿನ ಕಾಡಿನ ಬುಡಕಟ್ಟಿನವರಾದ ಸೋಲಿಗರ ಜೊತೆ ಆ ಕೂಲಿಗೆ ಹೋಗಿದ್ದೆ. ಮೇಲಿಂದ ಕಡಿದರೆ ಎರಡು ಮಳೆಗೆ ಮತ್ತೆ ಚಿಗುರುತ್ತದೆ. ಮಣ್ಣು ಕೆದಕಿ, ಬೇರು ಶುರುವಾಗುವ ಗಂಟಿನ ಕೆಳಗೆ ಕೊಡಲಿ ಹಾಕಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಇಲ್ಲಾಂದ್ರೆ ಬಿದ್ದಲ್ಲೇ ಬೇರು ಬಿಡುತ್ತದೆ. ಮುಳ್ಳಿಗೆ ಮುಂಗೈಯೆಲ್ಲ ಗೀರು. ಜೊತೆಗಿದ್ದ ಸೋಲಿಗಜ್ಜ ಒಂದು ಮಾತು ಹೇಳಿದ: "ಮೂರು ವರ್ಷ ಬಿಡದೆ ಬಂದು ಮೊಳಕೆ ಕಿತ್ತರೆ ಹುಲ್ಲು ಬತ್ತದೆ ಕಣಪ್ಪ." ಮಾರನೇ ವರ್ಷ ಕೆಲಸಕ್ಕೆ ಕರೆ ಬರಲಿಲ್ಲ. ಕಂತು ಬಂದಿರಲಿಲ್ಲ. ನಾವು ಬಿಡಿಸಿದ್ದ ಜಾಗ ಈಗ ಎದೆಯುದ್ದ ಬೆಳೆದಿದೆ.

ಕಾಡಿನಲ್ಲಿ ಹುಲ್ಲಿಲ್ಲದಿದ್ದರೆ ಆನೆ ಎಲ್ಲಿಗೆ ಬರುತ್ತದೆ? ನಮ್ಮ ಹೊಲಕ್ಕೆ. ಕರುಪ್ಪನ್ ಅಂತ ಒಂದು ಒಂಟಿ ಸಲಗ ಇತ್ತು. 2023ರ ಏಪ್ರಿಲ್‌ನಲ್ಲಿ ಹಿಡಿದು ಸಾಗಿಸುವವರೆಗೆ ತಾಳವಾಡಿಯಲ್ಲಿ ಎಷ್ಟೋ ಜನ ನೆಮ್ಮದಿಯಾಗಿ ಮಲಗಿರಲಿಲ್ಲ. ಆನೆಯ ಮೇಲೆ ನಮಗೆ ಹಗೆಯಿಲ್ಲ. ಊರಿನಲ್ಲಿ ಈಗಲೂ ಹಿರಿಯರು ಆನೆಗೆ 'ಗಣಪತಿ' ಅಂತಲೇ ಹೇಳುತ್ತಾರೆ.

ನಮ್ಮ ಜಗಳ ಇರುವುದು ಬೆಳೆ ಹಾನಿಗೆ ಪರಿಹಾರ ಕೇಳುವ ಕಾಗದದ ಜೊತೆ. ಇದನ್ನು ಬಿಡಿಸಿ ಹೇಳಬೇಕು.

ಹೋದ ಸಲ ಕಟಾವಿಗೆ ಎರಡು ವಾರ ಇದ್ದಾಗ ಹಿಂಡು ಬಂತು. ಎರಡು ಎಕರೆ ಜೋಳ. ತೆನೆ ಹಾಲು ಕಟ್ಟಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ದಂಟು ನೆಲಕ್ಕೆ ಹಾಸಿದಂತಿತ್ತು, ಅರ್ಧ ಅಗಿದ ತೆನೆ, ಹೆಜ್ಜೆ ಗುರುತಿನಲ್ಲಿ ನೀರು ನಿಂತಿತ್ತು. ಆ ವಾರವೇ ಅದೇ ಹಿಂಡು ಗಡಿ ದಾಟಿ ಅಕ್ಕನ ಹೊಲಕ್ಕೂ ಹೋಯಿತು. ಅಕ್ಕನನ್ನು ಕೊಟ್ಟಿರುವುದು ಚಾಮರಾಜನಗರ ತಾಲ್ಲೂಕಿಗೆ. ನಮ್ಮ ಹೊಲದಿಂದ ಅವರ ಹೊಲಕ್ಕೆ ನಡೆದೇ ಹೋಗಬಹುದು. ಅಲ್ಲಿ ಭಾವ ಪಹಣಿ, ಆಧಾರ್, ಫೋಟೊ ಹಿಡಿದುಕೊಂಡು ಹೋದರು, ಕನ್ನಡದಲ್ಲಿ ಅರ್ಜಿ ಬರೆದುಕೊಟ್ಟರು.

ನಮ್ಮ ಕಡೆ ಪಹಣಿ ಇಲ್ಲ. ಪಟ್ಟಾ, ಚಿಟ್ಟಾ ಅನ್ನುವ ಜಮೀನಿನ ದಾಖಲೆ, ಯಾವ ಬೆಳೆ ಅಂತ ಬರೆದಿಡುವ ಅಡಂಗಲ್. ಎಲ್ಲ ತಮಿಳಿನಲ್ಲಿ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ತಮಿಳು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಪರಿಚಯದ ಹುಡುಗನ ಕೈಯಲ್ಲಿ ಬರೆಸಿದೆ. ಏನು ಬೆಳೆ ಅಂದ. ಜೋಳ ಅಂದೆ. ನಾವು ಬಾಯಿಮಾತಿಗೆ ಮುಸುಕಿನ ಜೋಳಕ್ಕೆ ಜೋಳ ಅಂತಲೇ ತಾನೇ ಅನ್ನೋದು? ಅವನು 'ಸೋಳಂ' ಅಂತ ಬರೆದ. ತಮಿಳಿನಲ್ಲಿ ಸೋಳಂ ಅಂದರೆ ಬಿಳಿಜೋಳ. ಅಡಂಗಲ್‌ನಲ್ಲಿ ಇದ್ದದ್ದು 'ಮಕ್ಕಾಚೋಳಂ'. ಬೆಳೆ ತಾಳೆಯಾಗುವುದಿಲ್ಲ ಅಂತ ಅರ್ಜಿ ವಾಪಸ್ ಬಂತು. ಅದು ವಾಪಸ್ ಬಂದದ್ದು ಗೊತ್ತಾಗುವಷ್ಟರಲ್ಲಿ ಒಂದೂವರೆ ತಿಂಗಳು. ಹೊಲ ನೋಡಲು ಬರುತ್ತಾರೆ, ಉಳಬೇಡ ಅಂತ ಹೇಳಿದ್ದರು. ಹಾಗಾಗಿ ಉಳಲಿಲ್ಲ. ಬಿದ್ದ ದಂಟು ಕಪ್ಪಾಗಿ ಕೊಳೆಯಿತು. ಮುಂದಿನ ಬಿತ್ತನೆಯ ಹದವೂ ಹೋಯಿತು. ಒಂದು ಕಚೇರಿಯಲ್ಲಿ ಕನ್ನಡದಲ್ಲಿ ವಿವರಿಸಲು ಹೋದರೆ, "ಕರ್ನಾಟಕದವರು ಕರ್ನಾಟಕದಲ್ಲಿ ಕೇಳಿ" ಅಂದರು. ನನ್ನ ಅಜ್ಜ ಉತ್ತ ನೆಲದ ಪಟ್ಟಾ ಅವರ ಮೇಜಿನ ಮೇಲೇ ಇತ್ತು, ಮಂಜು. ಆ ಮಾತಿಗೆ ನಾನು ಏನೂ ಹೇಳಲಾಗದೆ ಎದ್ದು ಬಂದೆ.

ಈಗ ಹೇಳು, ಬೆಂಗಳೂರಿನಲ್ಲಿ ನೀನು ನನ್ನನ್ನು ತಮಿಳುನಾಡಿನವನು ಅಂತೀಯ. ಇಲ್ಲಿ ನನ್ನನ್ನು ಕರ್ನಾಟಕದವನು ಅಂತಾರೆ. ಹುಲಿ ಉಳಿಯಲಿ ಅಂತ ದುಡ್ಡು ಕೊಡುವವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಹುಲಿ, ಆನೆ ಓಡಾಡುವ ದಾರಿಯಲ್ಲಿ ಹೊಲ ಇಟ್ಟುಕೊಂಡವನ ಅರ್ಜಿಯನ್ನು ಅವನ ಮಾತಿನಲ್ಲಿ ಓದುವ ಒಬ್ಬ ಮನುಷ್ಯ ಬೇಕು. ಕಾಡು ಸರಿಮಾಡುವ ಲೆಕ್ಕದಲ್ಲಿ ಅವನ ಸಂಬಳವೂ ಸೇರಬೇಕು. ಬೇಲಿ, ಕಂದಕಕ್ಕೆ ಹಣ ಇರುವ ಹಾಗೆ ಇದಕ್ಕೂ ಇರಲಿ. ಇದು ದೊಡ್ಡ ಆಸೆ ಅಲ್ಲ, ಅಲ್ವಾ?

ದೀಪಾವಳಿ ಮುಗಿಯುತ್ತಿದ್ದಂತೆ ಗುಮಟಾಪುರದಲ್ಲಿ ಗೋರೆ ಹಬ್ಬ. ಸಗಣಿಯಲ್ಲಿ ಹೊಡೆದಾಡುವ ಆ ಹಬ್ಬಕ್ಕೆ ಎರಡೂ ಕಡೆಯ ಜನ ಸೇರುತ್ತಾರೆ. ಚಾಮರಾಜನಗರದವರೆಗೆ ಬಾ, ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಸೋಮವಾರ ಬೇಡ. ಅವತ್ತು ಮತ್ತೆ ಅರ್ಜಿ ಕೊಡಲು ಹೋಗಬೇಕು. ಏಳನೇ ತರಗತಿ ಓದುವ ಮಗಳು 'ಮಕ್ಕಾಚೋಳಂ' ಅಂತ ತಮಿಳಿನಲ್ಲಿ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದಾಳೆ. ಆ ಚೀಟಿ ಅಂಗಿ ಜೇಬಿನಲ್ಲಿದೆ.