ಹುಣ್ಣಿಮೆಯ ಜಾಗದಲ್ಲಿ ಚೆಂಡು ಕತ್ತಲಾಗುವುದೇಕೆ?

ಪ್ರಶ್ನೆ: ಆರನೇ ತರಗತಿಯ ಮಗಳಿಗೆ ಚಂದ್ರನ ಕಲೆಗಳನ್ನು ತೋರಿಸಲು ಕತ್ತಲೆ ಕೋಣೆಯಲ್ಲಿ ಬಲ್ಬ್ ಉರಿಸಿ, ಚೆಂಡು ಹಿಡಿದು ಸುತ್ತ ತಿರುಗಿದೆವು. ಹುಣ್ಣಿಮೆಯ ಜಾಗಕ್ಕೆ ಬಂದರೆ ಚೆಂಡು ಪೂರ್ತಿ ಕತ್ತಲು. ‘ನೋಡಮ್ಮ, ಭೂಮಿಯ ನೆರಳು ಬಿದ್ದೇ ಚಂದ್ರ ಸಣ್ಣಗಾಗೋದು’ ಅಂತಾಳೆ. ನಾವು ತಪ್ಪಿದ್ದೆಲ್ಲಿ?

ಉತ್ತರ: ಚೆಂಡಿನ ಎತ್ತರದಲ್ಲಿ. ಈ ಆಟದಲ್ಲಿ ನಿಮ್ಮ ತಲೆಯೇ ಭೂಮಿ. ಬಲ್ಬಿಗೆ ಬೆನ್ನು ಹಾಕಿದಾಗ ತಲೆಯ ನೆರಳು ಚೆಂಡನ್ನು ಮುಚ್ಚುತ್ತದೆ. ನೀವು ಕಂಡದ್ದು ಚಂದ್ರಗ್ರಹಣ! ಚೆಂಡನ್ನು ತಲೆಗಿಂತ ಒಂದು ಗೇಣು ಮೇಲೆತ್ತಿ, ತುಂಬು ಹುಣ್ಣಿಮೆ ಸಿಗುತ್ತದೆ.

ಹಾಗೆ ಎತ್ತುವುದು ಕಣ್ಕಟ್ಟಲ್ಲ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ನಿಮ್ಮ ಚೆಂಡು 7 ಸೆಂ.ಮೀ. ಇದ್ದರೆ ಅದೇ ಅಳತೆಯಲ್ಲಿ ಭೂಮಿ 26 ಸೆಂ.ಮೀ., ನಡುವಿನ ದೂರ ಏಳೂಮುಕ್ಕಾಲು ಮೀಟರ್. ಅಷ್ಟು ದೂರದಲ್ಲಿ ಚೆಂಡು ಸುಮಾರು 70 ಸೆಂ.ಮೀ. ತನಕ ಮೇಲೆ ಅಥವಾ ಕೆಳಗೆ ಹೋಗಬಲ್ಲದು. ನೆರಳಿನ ಅಗಲವೋ ಬರೀ 18 ಸೆಂ.ಮೀ. ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿಗೆ ಸಿಗದೆ ದಾಟಿಹೋಗುವುದು ಅದಕ್ಕೇ. ಕೋಣೆಯಲ್ಲಿ ಚೆಂಡು ತೋಳಳತೆಯಲ್ಲೇ ಇರುವುದರಿಂದ ನೆರಳು ವಿಪರೀತ ದೊಡ್ಡದಾಗುತ್ತದೆ.

ಇನ್ನೊಮ್ಮೆ ಮಾಡುವಾಗ ಥರ್ಮೋಕೋಲ್ ಚೆಂಡಿಗೆ ಪೆನ್ಸಿಲ್ ಚುಚ್ಚಿಕೊಳ್ಳಿ. ನುಣುಪಾದ ಪ್ಲಾಸ್ಟಿಕ್ ಚೆಂಡು ಬೇಡ, ಬಲ್ಬಿನ ಹೊಳಪು ಒಂದೇ ಚುಕ್ಕೆಯಾಗಿ ಮಿನುಗಿ ಬೆಳಕು–ಕತ್ತಲೆಯ ಗೆರೆ ಕಾಣದು. ಶೇಡ್ ಇಲ್ಲದ 9 ವಾಟ್ ಎಲ್‌ಇಡಿ ಬಲ್ಬನ್ನು ಮಗಳ ತಲೆಯ ಮಟ್ಟದಲ್ಲಿ, ಎರಡು ಮೀಟರ್ ದೂರದಲ್ಲಿಡಿ. ಬಿಳಿ ಗೋಡೆಗೆ ಒತ್ತಿ ನಿಲ್ಲಬೇಡಿ, ಗೋಡೆಯ ಬೆಳಕು ಚೆಂಡಿನ ಕತ್ತಲ ಭಾಗವನ್ನೂ ಬೆಳಗಿಸುತ್ತದೆ.

ಬಲ್ಬಿಗೆ ಮುಖ ಮಾಡಿದರೆ ಅಮಾವಾಸ್ಯೆ. ಅಲ್ಲಿಂದ ಎಡಕ್ಕೇ ತಿರುಗಬೇಕು. ಬಲಕ್ಕೆ ತಿರುಗಿದರೆ ಪಕ್ಷಗಳು ಹಿಂದುಮುಂದಾಗುತ್ತವೆ. ಒಂದು ತಿಥಿಗೆ 12 ಡಿಗ್ರಿ. 45 ಡಿಗ್ರಿಗೆ ಚೌತಿಯ ತೆಳು ಚಂದ್ರ, 90ಕ್ಕೆ ಅಷ್ಟಮಿಯ ಅರ್ಧ ಚಂದ್ರ, ಬಲಭಾಗ ಬೆಳಗಿರುತ್ತದೆ. ಆಕಾಶದಲ್ಲಿ ಮಾತ್ರ ಈ ಎಡ–ಬಲವನ್ನು ಹುಡುಕಬೇಡಿ. ನಮ್ಮ ಕಡೆ ಬಿದಿಗೆ ಚಂದ್ರ ಸಂಜೆ ಪಶ್ಚಿಮದಲ್ಲಿ ದೋಣಿಯಂತೆ ಹೆಚ್ಚುಕಡಿಮೆ ಅಂಗಾತ ಮಲಗಿರುತ್ತದೆ, ಬೆಳಗಿದ ಭಾಗ ಮುಳುಗಿದ ಸೂರ್ಯನ ಕಡೆಗೆ, ಅಂದರೆ ಕೆಳಕ್ಕೆ.

ನೆರಳಿನ ವಾದಕ್ಕೆ ಉತ್ತರ ಶುಕ್ಲ ಅಷ್ಟಮಿಯ ಸಂಜೆಯಲ್ಲೇ ಇದೆ. ಸೂರ್ಯ ಪಶ್ಚಿಮದಲ್ಲಿ ಮುಳುಗುವಾಗ ಭೂಮಿಯ ನೆರಳು ಚಾಚುವುದು ಪೂರ್ವಕ್ಕೆ. ಚಂದ್ರ ಇರುವುದು ನೆತ್ತಿಯ ಆಸುಪಾಸಿನಲ್ಲಿ. ನೆರಳು ಅಲ್ಲಿಗೆ ಮುಟ್ಟುವುದಾದರೂ ಹೇಗೆ?

ಬಲ್ಬಿಲ್ಲದೆಯೂ ಪರೀಕ್ಷೆ ಮಾಡಬಹುದು, ನಮ್ಮ ಮಟ್ಟಿಗೆ ಇದೇ ಹೆಚ್ಚು ಚೆನ್ನ. ಕೃಷ್ಣ ಅಷ್ಟಮಿಯ ಆಸುಪಾಸಿನಲ್ಲಿ ಬೆಳಿಗ್ಗೆ 8ಕ್ಕೆ ಚಂದ್ರ ಪಶ್ಚಿಮದಲ್ಲಿರುತ್ತಾನೆ. ಬಿಸಿಲಲ್ಲಿ ನಿಂತು, ಸೂರ್ಯನನ್ನು ನೋಡದೆ, ಅದೇ ಚೆಂಡನ್ನು ಚಂದ್ರನ ಪಕ್ಕಕ್ಕೆ ಹಿಡಿಯಲು ಹೇಳಿ. ಚೆಂಡಿನ ಮೇಲೆ ಬಿಸಿಲು ಬಿದ್ದ ಭಾಗದ ಆಕಾರವೂ ಓರೆಯೂ ಚಂದ್ರನದ್ದರಂತೆಯೇ ಇರುತ್ತವೆ.